ನೀರು ಸಿಗದ ಸುರಂಗದಲ್ಲಿ ಕಾಡುಬೆಕ್ಕಿನ ಬಾಣಂತನ

ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಎರಡು ಸುರಂಗಗಳಿವೆ. ಒಂದರಲ್ಲಿ ನೀರುಂಟು, ಇನ್ನೊಂದರಲ್ಲಿ ಇಲ್ಲ. ನೀರಿರುವುದು ಅಜ್ಜ ಕೊರೆಸಿದ್ದು. ಮನೆಬಳಕೆಗೂ ಕೆಳಗಿನ ಒಂದೂವರೆ ಎಕ್ರೆ ಅಡಿಕೆಗೂ ಇವತ್ತಿಗೂ ಅದೇ ಆಧಾರ. ನೀರಿಲ್ಲದ್ದು ಅಪ್ಪನ ಕಾಲದ್ದು. 1983ರ ಬೇಸಗೆಯಲ್ಲಿ ಹಳೆ ಸುರಂಗದ ನೀರು ನೂಲಿನಷ್ಟು ಸಪೂರ ಆದಾಗ ಅಪ್ಪ ಸಾಲ ಮಾಡಿ ಹೊಸದಕ್ಕೆ ಕೈಹಾಕಿದರು. ಮೂವತ್ತು ಕೋಲು, ಅಂದರೆ ಹೆಚ್ಚುಕಮ್ಮಿ 70 ಅಡಿ ಒಳಗೆ ಹೋದರೂ ಒರತೆ ಸಿಗಲಿಲ್ಲ. ಮುಂದೆ ಕರ್ಗಲ್ಲು ಬಂತು, ಕೈಯ ದುಡ್ಡೂ ಮುಗಿಯಿತು. ಅಲ್ಲಿಗೆ ಬಿಟ್ಟರು. ಮಳೆಗಾಲದಲ್ಲಿ ನಾಲ್ಕು ಹನಿ ತೊಟ್ಟಿಕ್ಕುವುದು ಬಿಟ್ಟರೆ ಅದರಿಂದ ನಮಗೆ ಆದ ಉಪಕಾರ ಏನೂ ಇಲ್ಲ ಎಂದೇ ಮೊನ್ನೆಮೊನ್ನೆವರೆಗೆ ನಾನು ತಿಳಿದಿದ್ದೆ.

ನಮ್ಮ ಕಡೆಯ ಓದುಗರಿಗೆ ಸುರಂಗ ಎಂದರೆ ವಿವರಿಸಬೇಕಿಲ್ಲ. ಘಟ್ಟದ ಮೇಲಿನವರಿಗಾಗಿ ಎರಡು ಮಾತು. ಬಾವಿಯನ್ನು ನೆಟ್ಟಗೆ ಕೆಳಕ್ಕೆ ತೋಡುತ್ತಾರಲ್ಲ, ಸುರಂಗವನ್ನು ಗುಡ್ಡದ ಪಕ್ಕೆಗೆ ಅಡ್ಡಕ್ಕೆ ಕೊರೆಯುತ್ತಾರೆ. ಒಬ್ಬ ಆಳು ಪಿಕ್ಕಾಸು ಹಿಡಿದು ನಿಲ್ಲುವಷ್ಟು ಎತ್ತರ, ಭುಜ ತಾಗದೆ ಹೋಗುವಷ್ಟು ಅಗಲ. ಒಳಗಿನ ಒರತೆಯ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ತೆಂಕು ಭಾಗದಲ್ಲಿ ಇವು ಬೇಕಾದಷ್ಟಿವೆ. ಆದರೆ ತೋಡಿದ್ದಕ್ಕೆಲ್ಲ ನೀರು ಸಿಗುವುದಿಲ್ಲ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಎಲ್ಲರಿಗೂ ಗೊತ್ತುಂಟು. ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆಯುತ್ತಾ ಹೋಗಿ, ಹಲವು ಸುರಂಗಗಳು ವಿಫಲ ಆದ ಮೇಲೆ ನೀರು ಕಂಡವರು ಅವರು. ಅಂಥ ಪಳಗಿದ ಕೈಗೇ ಹಾಗಾದರೆ ಉಳಿದವರದ್ದು ಕೇಳುವುದೇ ಬೇಡ. ನಮ್ಮ ಗುಡ್ಡೆಗಳ ಒಳಗೆ ಅರ್ಧದಲ್ಲಿ ಬಿಟ್ಟ ಬರಡು ಸುರಂಗಗಳು ಎಷ್ಟಿವೆಯೋ, ಲೆಕ್ಕ ಇಟ್ಟವರಿಲ್ಲ.

2019ರ ಮಾರ್ಚಿನಲ್ಲಿ ನಮ್ಮ ಬರಡು ಸುರಂಗದ ಬಾಯಿ ಮುಚ್ಚಿಸುವುದೆಂದು ತೀರ್ಮಾನಿಸಿದೆ. ಕಾರಣ ಮುಳ್ಳುಹಂದಿ. ಹಿಂದಿನ ವರ್ಷ ಮರಗೆಣಸು ಪೂರ್ತಿ ಹೋಗಿತ್ತು. ನೆಟ್ಟು ಒಂದು ವರ್ಷವಾದ ತೆಂಗಿನ ಗಿಡಗಳ ಬುಡ ಕೆರೆದು ಸುಳಿಯ ತನಕ ತಿಂದಿತ್ತು. ಸುರಂಗದ ಬಾಯಲ್ಲಿ ಮುಳ್ಳು ಬಿದ್ದದ್ದನ್ನು ನಾನೇ ಹೆಕ್ಕಿದ್ದೇನೆ. ಹಟ್ಟಿ ರಿಪೇರಿ ಮಾಡಿಸಿ ಉಳಿದ ನಲ್ವತ್ತು ಮುರಕಲ್ಲು ಅಂಗಳದಲ್ಲಿತ್ತು. ಒಂದು ದಿನದ ಕೆಲಸ ಅಷ್ಟೆ.

ಮುಚ್ಚುವ ಮೊದಲು ಒಳಗೆ ಮುಳ್ಳುಹಂದಿ ಉಂಟೋ ನೋಡಬೇಕಲ್ಲ. ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಕೆಲಸಕ್ಕೆ ಬರುವಾತ ಮೇಣದಬತ್ತಿ ಹಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಟಾರ್ಚು ಹಿಡಿದು ಹೊಕ್ಕ. ಬತ್ತಿ ನಂದಿದರೆ ಒಳಗೆ ಗಾಳಿ ಇಲ್ಲವೆಂದು ಅರ್ಥ, ಕೂಡಲೇ ಹಿಂದೆ ಬರಬೇಕು. ಇದು ಹಳಬರ ಕ್ರಮ. ಹತ್ತು ಕೋಲು ಹೋಗಿರಬೇಕು, ಸರಸರನೆ ಹಿಂದೆ ಬಂದ.

“ಅಣ್ಣೇರೇ, ಒಳಗೆ ಎಂತದೋ ಪುಸ್ ಪುಸ್ ಹೇಳ್ತದೆ. ಹಾವಲ್ಲ. ಕಣ್ಣು ಆರು ಕಾಣ್ತದೆ.”

ಆರು ಕಣ್ಣೆಂದರೆ ಮೂರು ಮರಿ. ಎಡಬದಿಯ ಗೋಡೆಯಲ್ಲಿ ಹಿಂದೆ ದೀಪ ಇಡಲೆಂದು ಕೊರೆದಿದ್ದ ಗೂಡಿನ ಕೆಳಗೆ ಮಣ್ಣು ಜರಿದು ಒಂದು ಪೊಟರೆಯಂತಾಗಿತ್ತು. ಅದರಲ್ಲಿ ಒಂದಕ್ಕೊಂದು ಅಂಟಿ ಕೂತಿದ್ದವು. ಮಣ್ಣಿನದ್ದೇ ಬಣ್ಣ, ಮೈಮೇಲೆ ಮಸುಕು ಪಟ್ಟೆ. ಅಂಗೈಯಷ್ಟು ಗಾತ್ರವಿಲ್ಲದಿದ್ದರೂ ಬಾಯಿ ತೆರೆದು ಹೆದರಿಸಲು ನೋಡಿದವು. ಮುರಕಲ್ಲು ಹೊತ್ತು ತಂದವರನ್ನು ವಾಪಸ್ ಕಳಿಸಿದೆ. ಆ ದಿನ ಬತ್ತಿ ಹಿಡಿದು ಹೋಗದೆ ನೇರ ಕಲ್ಲಿಟ್ಟು ಮಣ್ಣು ಮೆತ್ತಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಕೆಲವೊಮ್ಮೆ ನೆನಪಾಗುವುದುಂಟು.

ಕಬ್ಬೆಕ್ಕಲ್ಲ, ಇದು ಬೇರೆ

ಊರಲ್ಲಿ ಸುದ್ದಿ ಹಬ್ಬಿತು. ನೋಡಲು ಬಂದವರೆಲ್ಲ “ಕಬ್ಬೆಕ್ಕು” ಎಂದರು. ನಮ್ಮಲ್ಲಿ ರಾತ್ರಿ ಓಡಾಡುವ, ಕೋಳಿ ಹಿಡಿಯುವ ಯಾವ ಪ್ರಾಣಿಗೂ ಅದೊಂದೇ ಹೆಸರು. ಅಕ್ಕನ ಮಗ ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ಪರಿಚಯದವರೊಬ್ಬರಿಗೆ ತೋರಿಸಿದ. ಅವರು, ಮರಿ ನೋಡಿ ಹೇಳುವುದು ಕಷ್ಟ, ತಾಯಿಯನ್ನು ನೋಡಿ, ದೂರದಿಂದ ನೋಡಿ ಎಂದರು.

ಮೂರನೆಯ ದಿನ ಸಂಜೆ ಕಂಡಿತು. ಸುರಂಗದ ಎದುರಿನ ಗೇರುಮರದ ಅಡಿಯಲ್ಲಿ ಅಲ್ಲಾಡದೆ ಕೂತಿದ್ದೆ. ಇನ್ನೂ ಬೆಳಕಿತ್ತು. ಬಾಯಲ್ಲಿ ಹೆಗ್ಗಣದಂಥದ್ದೇನನ್ನೋ ಕಚ್ಚಿಕೊಂಡು ಮುಳಿಹುಲ್ಲಿನ ಎಡೆಯಿಂದ ಬಂತು. ಮನೆಬೆಕ್ಕಿಗಿಂತ ದೊಡ್ಡದು, ಕಾಲು ಉದ್ದ. ಮೈ ಒಣಹುಲ್ಲಿನ ಬಣ್ಣ, ಚುಕ್ಕೆ ಇಲ್ಲ. ಕಾಲಿನ ಮೇಲೆ ಮಾತ್ರ ಮಾಸಿದ ಪಟ್ಟೆ. ಕಿವಿಯ ತುದಿಯಲ್ಲಿ ಸಣ್ಣ ಕಪ್ಪು ಕೂದಲ ಕುಚ್ಚು. ಬಾಲ ಗಿಡ್ಡ, ತುದಿ ಕಪ್ಪು. ಇದು ಕಾಡುಬೆಕ್ಕು, ವಿಜ್ಞಾನಿಗಳು ಫೆಲಿಸ್ ಚೌಸ್ ಎನ್ನುತ್ತಾರೆ. ಈಜಿಪ್ಟಿನ ನೈಲ್ ನದಿಯ ಬಯಲಿನಿಂದ ಹಿಡಿದು ನಮ್ಮ ದೇಶ ದಾಟಿ ಆಚೆಗೂ ಇರುವ ಪ್ರಾಣಿ. ಹೆಸರಲ್ಲಿ ಕಾಡು ಇದ್ದರೂ ದಟ್ಟ ಕಾಡು ಇದಕ್ಕೆ ಅಷ್ಟು ಸೇರದು. ಹುಲ್ಲು, ಪೊದೆ, ಗದ್ದೆ ಬದಿ, ನೀರಿನ ಬದಿ ಬೇಕು. ಅಂದರೆ ನಾವಿರುವ ಜಾಗವೇ.

ಕಬ್ಬೆಕ್ಕಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಕಬ್ಬೆಕ್ಕಿನ ಮೂತಿ ಚೂಪು, ಕಾಲು ಗಿಡ್ಡ, ಬಾಲ ಮೈಯಷ್ಟೇ ಉದ್ದ. ಅದು ಹಣ್ಣು ತಿನ್ನುತ್ತದೆ, ಮರ ಹತ್ತುತ್ತದೆ. ಮೈತುಂಬ ಕಪ್ಪುಚುಕ್ಕೆ ಇದ್ದು ನೆತ್ತಿಯ ಮೇಲೆ ಉದ್ದ ಗೆರೆ ಇದ್ದರೆ ಅದು ಚಿರತೆಬೆಕ್ಕು. ಮನೆಬೆಕ್ಕಿಗಿಂತ ಎಷ್ಟೋ ಸಣ್ಣದು, ಒಂದೂವರೆ ಕಿಲೋ ಮೀರದ್ದು, ತುಕ್ಕುಬಣ್ಣದ ಚುಕ್ಕೆಯದ್ದು ಕಂಡರೆ ನಿಮ್ಮ ಅದೃಷ್ಟ. ತುಕ್ಕುಚುಕ್ಕೆಯ ಆ ಬೆಕ್ಕು ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಅದು ಪಾಳುಬಿದ್ದ ಮನೆಗಳ ಅಟ್ಟದಲ್ಲಿ ಮರಿ ಹಾಕಿದ್ದು ದಕ್ಷಿಣ ಭಾರತದಲ್ಲೇ ದಾಖಲಾಗಿದೆ.

ಕಾಡುಬೆಕ್ಕು ತಾನಾಗಿ ದೊಡ್ಡ ಬಿಲ ತೋಡುವುದಿಲ್ಲ. ಮುಳ್ಳುಹಂದಿ, ನರಿ ತೋಡಿ ಬಿಟ್ಟ ಬಿಲ, ಮರದ ಪೊಟರೆ, ದಟ್ಟ ಹುಲ್ಲು, ಯಾವುದಾದೀತು. ಅದರ ಕಣ್ಣಿಗೆ ನಮ್ಮಪ್ಪನ ಸುರಂಗವೂ ಯಾವುದೋ ದೊಡ್ಡ ಪ್ರಾಣಿ ತೋಡಿ ಬಿಟ್ಟುಹೋದ ಬಿಲದಂತೆ ಕಂಡಿರಬೇಕು. ಒಂದು ರೀತಿಯಲ್ಲಿ ಸರಿಯೇ. ಮಾರ್ಚಿನ ಮಧ್ಯಾಹ್ನ ಹೊರಗೆ ಮುರಕಲ್ಲು ಕಾದು ಬರಿಗಾಲಿಡಲು ಆಗುವುದಿಲ್ಲ, ಹತ್ತು ಕೋಲು ಒಳಗೆ ತಣ್ಣಗೆ ಮಣ್ಣಿನ ವಾಸನೆ.

ಆಫ್ರಿಕಾದ ದಕ್ಷಿಣ ತುದಿಯಲ್ಲಿ ಕಪ್ಪುಪಾದದ ಬೆಕ್ಕು ಎಂದೊಂದುಂಟು. ಒಂದರಿಂದ ಎರಡೂವರೆ ಕಿಲೋ ತೂಕ. ಅದಕ್ಕೂ ಹಗಲು ಅಡಗಲು ಬೇರೆ ಪ್ರಾಣಿಯ ಬಿಲ ಬೇಕು. ಅಲ್ಲಿನ ಸ್ಪ್ರಿಂಗ್‌ಹೇರ್ ಎಂಬ ಕುಪ್ಪಳಿಸುವ ಪ್ರಾಣಿ ತೋಡಿದ ಬಿಲಗಳೇ ಅದರ ಮನೆ. ಕಿಂಬರ್ಲಿ ಪಟ್ಟಣದ ಬಳಿಯ ಬೆನ್‌ಫಾಂಟೈನ್‌ನಲ್ಲಿ ಅಲೆಕ್ಸಾಂಡರ್ ಸ್ಲಿವಾ ಎಂಬ ವಿಜ್ಞಾನಿ 1992ರಿಂದ ಇವುಗಳ ಹಿಂದೆ ಬಿದ್ದು ಅಧ್ಯಯನ ಮಾಡಿದರು. ಒಂದು ರಾತ್ರಿಗೆ 10ರಿಂದ 14 ಇಲಿಯನ್ನೋ ಸಣ್ಣ ಹಕ್ಕಿಯನ್ನೋ ಹಿಡಿಯುತ್ತದಂತೆ. ಅದು ಬದುಕುವ ನೆಲದಲ್ಲಿ ಬಹುಪಾಲು ಕುರಿ, ದನ ಸಾಕುವವರದ್ದು. ಅವರು ನರಿಗೆಂದು ಇಡುವ ವಿಷ ಈ ಬೆಕ್ಕಿಗೂ ಅಪಾಯ. ವಿಷದ ಈ ಸಂಗತಿಯನ್ನು ಮೊದಲೇ ಓದಿದ್ದರೆ ಮುಂದೆ ಹೇಳುವ ತಪ್ಪನ್ನು ನಾನು ಮಾಡುತ್ತಿರಲಿಲ್ಲವೋ ಏನೋ.

ನಾನು ಇಟ್ಟ ಬಿಲ್ಲೆ

ನಮ್ಮ ಅಡಿಕೆ ತೋಟದ ಎಡೆಯಲ್ಲಿ ಕೊಕ್ಕೋ ಉಂಟು. ಕೊಕ್ಕೋ ಇದ್ದಲ್ಲಿ ಇಲಿ ಇದ್ದದ್ದೇ. ತೊಟ್ಟಿನ ಹತ್ತಿರ ಕೊರೆದಿದ್ದರೆ ಇಲಿಯ ಕೆಲಸ, ಕಾಯಿಯ ನಡುವೆ ಕೊರೆದಿದ್ದರೆ ಅಳಿಲಿನದ್ದು. ನಮ್ಮಲ್ಲಿ ಹೆಚ್ಚಿನದೂ ತೊಟ್ಟಿನ ಹತ್ತಿರದ್ದೇ. ಅದಕ್ಕೆ ಎಲ್ಲರೂ ಮಾಡುವ ಹಾಗೆ ಬ್ರೊಮಾಡಿಯೊಲೋನ್ ಮೇಣದ ಬಿಲ್ಲೆಗಳನ್ನು ಕೊಂಬೆಯ ಕವಲಿನಲ್ಲಿ ಇಡುತ್ತಿದ್ದೆ. ಹತ್ತು ಹನ್ನೆರಡು ದಿನ ಬಿಟ್ಟು ಇನ್ನೊಮ್ಮೆ. 2019ರ ಏಪ್ರಿಲ್ ಕೊನೆಗೆ ಕಾಯಿ ಹಣ್ಣಾಗುವ ಹೊತ್ತಿಗೆ ಹಾಗೆಯೇ ಇಟ್ಟೆ. ಬೆಕ್ಕಿನ ಸಂಸಾರ ಸುರಂಗದಲ್ಲಿ ಇರುವುದು ಗೊತ್ತಿದ್ದೇ ಇಟ್ಟೆ. ಮರದ ಮೇಲೆ ಇಟ್ಟ ಬಿಲ್ಲೆ ಬೆಕ್ಕಿಗೆ ಹೇಗೆ ಸಿಗುತ್ತದೆ, ಬೆಕ್ಕು ಮೇಣ ತಿನ್ನುತ್ತದಾ ಎಂಬುದು ನನ್ನ ಲೆಕ್ಕಾಚಾರ.

ಮೇ ತಿಂಗಳ ಎರಡನೆಯ ವಾರ ಒಂದು ಬೆಳಗ್ಗೆ ಸುರಂಗದ ಬಾಯಲ್ಲಿ ಒಂದು ಮರಿ ಸತ್ತು ಬಿದ್ದಿತ್ತು. ಆಗ ಅದು ಮೊಲದ ಮರಿಯಷ್ಟು ಬೆಳೆದಿತ್ತು. ಮೈಮೇಲೆ ಗಾಯ ಇಲ್ಲ. ಮೂಗಿನಲ್ಲಿ ರಕ್ತ ಒಣಗಿತ್ತು, ತುಟಿ ಎತ್ತಿ ನೋಡಿದರೆ ಒಸಡು ಕಾಗದದ ಹಾಗೆ ಬಿಳಿ. ಪಶುವೈದ್ಯರಿಗೆ ಫೋನು ಮಾಡಿ ಕೇಳಿದೆ. “ತೋಟಕ್ಕೆ ಇಲಿಪಾಷಾಣ ಇಟ್ಟಿದ್ದೀರಾ?” ಎಂಬುದೇ ಅವರ ಮೊದಲ ಪ್ರಶ್ನೆ.

ಅವರು ವಿವರಿಸಿದ್ದು ಹೀಗೆ. ಈ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವದ ಕೆಲಸವನ್ನು ಅದು ನಿಲ್ಲಿಸುತ್ತದೆ. ಇಲಿ ಒಳಗೊಳಗೆ ರಕ್ತ ಸೋರಿ ಸಾಯಲು ಕೆಲವು ದಿನ ಬೇಕು. ಆ ದಿನಗಳಲ್ಲಿ ಅದು ಇನ್ನಷ್ಟು ಬಿಲ್ಲೆ ತಿನ್ನುತ್ತದೆ. ಕೊನೆಕೊನೆಗೆ ಕುಡಿದವರ ಹಾಗೆ ತೂರಾಡುತ್ತಾ ಹಗಲಲ್ಲೇ ನೆಲಕ್ಕೆ ಇಳಿಯುತ್ತದೆ. ಅಂಥ ಇಲಿಯನ್ನು ಹಿಡಿಯುವುದು ಯಾವ ಬೆಕ್ಕಿಗೂ ಸುಲಭ. ತಾಯಿ ಅದನ್ನೇ ಮರಿಗಳಿಗೆ ತರುತ್ತದೆ. ವಿಷ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಇಲಿಯ ಮೇಲೆ ಇಲಿ ತಿಂದ ಹಾಗೆ ಸೇರುತ್ತಾ ಹೋಗುತ್ತದೆ. ಮನೆಬೆಕ್ಕು, ನಾಯಿ, ಗೂಬೆಗೂ ಇದೇ ದಾರಿ.

ಆ ಮರಿ ನನ್ನ ಬಿಲ್ಲೆಯಿಂದಲೇ ಸತ್ತದ್ದೆಂದು ಹೇಳಲು ನನ್ನಲ್ಲಿ ಪುರಾವೆ ಇಲ್ಲ. ಕೊಯ್ದು ಪರೀಕ್ಷೆ ಮಾಡಿಸಲಿಲ್ಲ, ಗೇರುಮರದ ಬುಡದಲ್ಲಿ ಹುಗಿದೆವು. ಆದರೆ ಬೇರೆಯವರ ತೋಟದ್ದು ಎಂದು ಸಮಾಧಾನ ಮಾಡಿಕೊಳ್ಳಲು ಸುತ್ತ ಕೊಕ್ಕೋ ಇರುವುದು ನಮ್ಮಲ್ಲಿ ಮಾತ್ರ. ಮರುದಿನಕ್ಕೆ ತಾಯಿ ಉಳಿದ ಎರಡನ್ನೂ ಕರಕೊಂಡು ಹೋಗಿತ್ತು. ಸುರಂಗ ಖಾಲಿ. ಆ ವಾರವೇ ಏಣಿ ಇಟ್ಟು ಉಳಿದ ಬಿಲ್ಲೆಗಳನ್ನೆಲ್ಲ ಹೆಕ್ಕಿಸಿದೆ. 2020ರಲ್ಲಿ ಬೆಕ್ಕು ಬರಲಿಲ್ಲ.

ಹೊಯಿಗೆಯ ಮೇಲಿನ ಹೆಜ್ಜೆ

2021ರ ಫೆಬ್ರವರಿಯಲ್ಲಿ ಮತ್ತೆ ಅನುಮಾನ ಬಂತು. ಒಳಗೆ ಹೊಕ್ಕು ನೋಡುವ ಹಾಗಿಲ್ಲ. ಹೊಕ್ಕರೆ ತಾಯಿ ಜಾಗ ಬದಲಿಸೀತು, ಮತ್ತೆ ಹಳೆ ಸುರಂಗದ ಮಣ್ಣು ಯಾವಾಗ ಜರಿಯುತ್ತದೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಸುರಂಗದ ಬಾಯಲ್ಲಿ ಒಂದು ಬುಟ್ಟಿ ಜರಡಿ ಹಿಡಿದ ಹೊಯಿಗೆ ಹರಡಿ, ದಿನಾ ಸಂಜೆ ಹಿಡಿಸೂಡಿಯಲ್ಲಿ ನಯ ಮಾಡಿ ಬಿಡುತ್ತಿದ್ದೆ. ಬೆಳಗ್ಗೆ ಹಾಲು ಕರೆದ ಮೇಲೆ ಹೋಗಿ ನೋಡುವುದು. ದುಂಡಗಿನ ಹೆಜ್ಜೆ, ನಾಲ್ಕು ಬೆರಳು, ಉಗುರಿನ ಗುರುತು ಇಲ್ಲ ಎಂದಾದರೆ ಬೆಕ್ಕು. ನಾಯಿ, ನರಿಯದ್ದಾದರೆ ಉಗುರು ಮೂಡುತ್ತದೆ. ಮುಳ್ಳುಹಂದಿ ಹೋದಲ್ಲಿ ಮುಳ್ಳು ಎಳೆದ ಗೀರು ಇರುತ್ತದೆ. ಒಂದು ರೂಪಾಯಿ ಖರ್ಚಿಲ್ಲದ ಈ ಉಪಾಯವನ್ನು ಯಾರೂ ಮಾಡಿ ನೋಡಬಹುದು. ಮಾರ್ಚಿನಲ್ಲಿ ದೊಡ್ಡ ಹೆಜ್ಜೆಯ ಪಕ್ಕದಲ್ಲಿ ಎಂಟಾಣೆ ಗಾತ್ರದ ಹೆಜ್ಜೆಗಳು ಕಂಡವು.

ಏನು ತಿನ್ನುತ್ತದೆ ಎಂದು ನೋಡುವ ಹುಚ್ಚೂ ಹಿಡಿಯಿತು. ಸುರಂಗದ ಸಮೀಪ ಕಟ್ಟಪುಣಿಯ ಮೇಲೆ ಬಿದ್ದ ಹಿಕ್ಕೆಯನ್ನು ಒಣಗಿಸಿ, ಕೈಗೆ ಪ್ಲಾಸ್ಟಿಕ್ ಕಟ್ಟಿಕೊಂಡು ಹಳೆ ಚಹಾ ಜಾಲರಿಯಲ್ಲಿ ತೊಳೆದೆ. (ಜಾಲರಿ ಹಳೆಯದಲ್ಲ, ಚೆನ್ನಾಗಿಯೇ ಇತ್ತು ಎಂದು ಮನೆಯವಳು ಈಗಲೂ ಹೇಳುತ್ತಾಳೆ.) ಸಿಕ್ಕಿದ್ದು ಹೆಚ್ಚಾಗಿ ಇಲಿಯ ರೋಮ, ಕಿತ್ತಳೆ ಬಣ್ಣದ ಬಾಚಿಹಲ್ಲು. ಕೆಲವೊಮ್ಮೆ ಅರಣೆಯ ಚರ್ಮ, ಮಿಡತೆಯ ಕಾಲು. ಎರಡು ಸಲ ಗರಿ. ರಾಜಸ್ಥಾನದ ಸರಿಸ್ಕಾದಲ್ಲಿ ವಿಜ್ಞಾನಿಗಳು ಹಿಕ್ಕೆ ಪರೀಕ್ಷಿಸಿ ಒಂದು ಕಾಡುಬೆಕ್ಕು ದಿನಕ್ಕೆ 3ರಿಂದ 5 ಇಲಿ ತಿನ್ನುತ್ತದೆಂದು ಅಂದಾಜು ಮಾಡಿದ್ದಾರೆ. ಕಡಿಮೆಯದ್ದನ್ನೇ ಹಿಡಿದರೂ ವರ್ಷಕ್ಕೆ ಸಾವಿರ ದಾಟಿತು. ಪ್ರತಿ ಮಳೆಗಾಲ ಇಲಿಜ್ವರದ ಸುದ್ದಿ ಕೇಳುವ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಲೆಕ್ಕ ಅಲ್ಲ.

ಹಾಗೆಂದು ಬೆಕ್ಕು ಬಂದರೆ ಕೊಕ್ಕೋ ಉಳಿಯಿತು ಎಂದು ಯಾರೂ ನಂಬಿ ಕೂರಬೇಡಿ. ನಾನು ನಂಬಿ ಕೂತೆ, ಮೊದಲ ವರ್ಷ ಕಾಯಿ ಹಿಂದಿಗಿಂತ ಹೆಚ್ಚೇ ಹೋಯಿತು. ಕಾಡುಬೆಕ್ಕು ನೆಲದ ಬೇಟೆಗಾರ. ಹೆಗ್ಗಣ, ಗದ್ದೆ ಇಲಿ ಅದಕ್ಕೆ ಸಿಗುತ್ತವೆ. ಕೊಕ್ಕೋ, ತೆಂಗು ತಿನ್ನುವ ಮರದ ಇಲಿ ಕೊಂಬೆಯಿಂದ ಕೊಂಬೆಗೇ ಹೋಗುವುದರಿಂದ ಕಡಿಮೆ. ಅದಕ್ಕೆ ಬೇರೆ ದಾರಿಯೇ ಆಗಬೇಕು. ಈಗ ಹಣ್ಣಾದ ಕಾಯಿಯನ್ನು ಹತ್ತು ದಿನಕ್ಕೊಮ್ಮೆ ತಪ್ಪದೆ ಕೊಯ್ಯಿಸುತ್ತೇನೆ. ಇಲಿ ಕೊರೆದ ಕಾಯಿಯನ್ನು ಮರದಲ್ಲಿ ಬಿಡುವುದಿಲ್ಲ. ಒಂದಕ್ಕೊಂದು ತಾಗುವ ಕೊಂಬೆ ಸವರಿಸಿದ್ದೇನೆ. ಒಂಟಿಯಾಗಿ ನಿಂತ ತೆಂಗಿನ ಮರಗಳಿಗೆ ಆಳೆತ್ತರದಲ್ಲಿ ತಗಡಿನ ಪಟ್ಟಿ ಸುತ್ತಿಸಿದೆ, ಮರ ಮರಕ್ಕೆ ಮಡಲು ತಾಗುವಲ್ಲಿ ಅದು ದಂಡ. ಉಳಿದದ್ದಕ್ಕೆ ಇಲಿಬೋನು. ಕೆಲಸ ಜಾಸ್ತಿ, ನಷ್ಟ ಪೂರ್ತಿ ನಿಂತಿಲ್ಲ. ವಿಷ ಇಡುವಾಗಲೂ ಪೂರ್ತಿ ನಿಂತಿರಲಿಲ್ಲ.

ಕೋಳಿಯ ಲೆಕ್ಕ

ಇನ್ನು ಕೋಳಿ. ಇದನ್ನು ಬರೆಯದೆ ಬಿಟ್ಟರೆ ಮನೆಯವಳು ಈ ಲೇಖನವನ್ನು ಅಂಚೆಗೆ ಹಾಕಲು ಬಿಡಲಿಕ್ಕಿಲ್ಲ. 2021ರ ಮಾರ್ಚ್, ಏಪ್ರಿಲಿನಲ್ಲಿ ನಮ್ಮ ಏಳು ಕೋಳಿ ಹೋದವು. ಗೂಡಿನ ಬಾಗಿಲು ರಾತ್ರಿ ಭದ್ರವಾಗಿಯೇ ಇತ್ತು. ಹೋದದ್ದು ಬೆಳಗ್ಗೆ ಬಿಟ್ಟ ಕೂಡಲೇ ಮತ್ತು ಸಂಜೆ ಗೂಡಿಗೆ ಬರುವ ಹೊತ್ತಿನಲ್ಲಿ. ಕಾಡುಬೆಕ್ಕು ಹಗಲೂ ಓಡಾಡುವ ಪ್ರಾಣಿ ಎಂಬುದನ್ನು ನಾವು ಕಲಿತದ್ದು ಹಾಗೆ. “ನಿಮ್ಮ ಇಲಿ ಲೆಕ್ಕದ ಪಕ್ಕದಲ್ಲಿ ನನ್ನ ಕೋಳಿಯದ್ದೂ ಬರೀರಿ” ಎಂದಳು. ಬರೆದೆ.

ನೆರೆಮನೆಯವರದ್ದು ಇನ್ನೂ ಗಂಭೀರ. ಅವರು ಪ್ರೀತಿಯಿಂದ ಸಾಕಿದ್ದ ಹುಂಜವೇ ಹೋಯಿತು. ಸುರಂಗದ ದಾರಿಯಲ್ಲಿ ಉರುಳು ಇಡುತ್ತೇನೆ ಎಂದು ನಮ್ಮ ಜಗಲಿಗೇ ಬಂದು ಹೇಳಿದರು. 1972ರ ವನ್ಯಜೀವಿ ಕಾಯ್ದೆಯಲ್ಲಿ ಈ ಬೆಕ್ಕಿಗೆ ರಕ್ಷಣೆ ಉಂಟು, ಉರುಳು ಇಟ್ಟರೆ ಕೇಸಾಗುತ್ತದೆ ಎಂದೆ. “ಕಾಯ್ದೆ ನನ್ನ ಹುಂಜ ಕೊಡ್ತದಾ ಭಾವ?” ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಬೆಕ್ಕು ಉಳಿಯಬೇಕೆಂಬ ಆಸೆ ನನ್ನದು, ಹುಂಜ ಅವರದ್ದು. ನಮ್ಮ ಮನೆಯ ಒಂದು ಒಳ್ಳೆ ಹುಂಜವನ್ನು ಕೊಟ್ಟು, ಅಂಗಳದ ಬದಿಗೆ ಬಲೆ ಕಟ್ಟಲು ನಾನೂ ಹೋಗಿ ಎರಡು ದಿನ ಕೆಲಸ ಮಾಡಿದೆ. ನಮ್ಮಲ್ಲೂ ಹಾಗೆಯೇ ಮಾಡಿದೆವು. ನೆಲದಿಂದ ಒಂದು ಕಲ್ಲು ಎತ್ತರಕ್ಕೆ ಮುರಕಲ್ಲು, ಮೇಲೆ ಕಬ್ಬಿಣದ ಬಲೆ, ಮಾಡಿಗೆ ಹಳೆ ಮೀನುಬಲೆ. ಬೆಳಗ್ಗೆ ಒಂಬತ್ತರ ತನಕ ಮತ್ತೆ ಸಂಜೆ ನಾಲ್ಕರ ಮೇಲೆ ಕೋಳಿ ಅದರೊಳಗೆ. ಅಂದಿನಿಂದ ನಮ್ಮಲ್ಲಿ ಹೋದದ್ದು ಎರಡೇ, ಅದರಲ್ಲಿ ಒಂದು ಗಿಡುಗನ ಪಾಲು.

ಸುರಂಗಕ್ಕೆ ಆ ನಲ್ವತ್ತು ಮುರಕಲ್ಲಿನಲ್ಲಿ ಅರ್ಧವನ್ನು ಬಳಸಿದೆ. ಬಾಯನ್ನು ಸೊಂಟದ ಎತ್ತರಕ್ಕೆ ಕಟ್ಟಿ, ಬುಡದಲ್ಲಿ ಒಂದು ಕಲ್ಲಿನ ಜಾಗ ಖಾಲಿ ಬಿಟ್ಟಿದ್ದೇನೆ. ಕರು ಹೋಗುವುದಿಲ್ಲ, ಮಕ್ಕಳು ಹೊಕ್ಕುವುದಿಲ್ಲ, ಊರನಾಯಿಗೂ ಕಷ್ಟ. ಬೆಕ್ಕಿಗೆ ಧಾರಾಳ, ಮೇಲಿನಿಂದ ಬಾವಲಿಗೂ ದಾರಿ ಉಂಟು. ದೊಡ್ಡ ಮುಳ್ಳುಹಂದಿಗೆ ಆ ಕಿಂಡಿ ಸಾಲದೆಂದು ನನ್ನ ಎಣಿಕೆಯಾಗಿತ್ತು. ಅದು ಪಕ್ಕದ ಮಣ್ಣು ಕೆರೆದು ತನ್ನದೇ ದಾರಿ ಮಾಡಿಕೊಂಡಿದೆ.

ಒಂದು ವಿಷಯ ಮಾತ್ರ ಎಲ್ಲರಲ್ಲೂ ಹೇಳುತ್ತೇನೆ. ಸುರಂಗ, ಮೋರಿ, ಸೋಗೆ ರಾಶಿ ಎಲ್ಲೇ ಇಂಥ ಮರಿ ಕಂಡರೂ ತಬ್ಬಲಿ ಎಂದು ಮನೆಗೆ ತರಬೇಡಿ. ತಾಯಿ ಇಲಿ ಹುಡುಕಲು ಹೋಗಿರುತ್ತದೆ, ಬರುತ್ತದೆ. ಮರಿ ಕಚ್ಚಿದರೆ ಹುಚ್ಚುನಾಯಿ ರೋಗದ ಚುಚ್ಚುಮದ್ದಿಗೆ ಓಡಬೇಕಾದೀತು, ಅದು ಬೇರೆ.

2023ರಲ್ಲಿ ಸುರಂಗದಲ್ಲಿ ಮತ್ತೆ ಮರಿಗಳಾದವು, ಎಷ್ಟೆಂದು ನೋಡಲು ಹೋಗಲಿಲ್ಲ. ಆ ಮೇ ತಿಂಗಳಲ್ಲಿ ಒಂದು ಸಂಜೆ ಹೊಯಿಗೆ ನಯ ಮಾಡಲೆಂದು ಹಿಡಿಸೂಡಿ ಹಿಡಿದು ಹೋದರೆ ನೆರೆಮನೆಯ ಭಾವ ಗೇರುಮರದ ಅಡಿಯಲ್ಲಿ ಸದ್ದಿಲ್ಲದೆ ಕೂತಿದ್ದರು. ಬಾಯಿಗೆ ಬೆರಳಿಟ್ಟು ನನ್ನನ್ನೂ ಕೂರಲು ಕೈಸನ್ನೆ ಮಾಡಿದರು.